465 ಎಂದವರು ಯಾರು?

"ನಾಲ್ಕು ಟಿ.ಬಿ. ಅಂತ ದುಡ್ಡು ಕೊಟ್ಟದ್ದು. ಒಳಗೆ ನೋಡಿದರೆ 465 ಜಿ.ಬಿ. ಹಳೇ ಡಿಸ್ಕಿಗೆ ಹೊಸ ಚೀಟಿ ಅಂಟಿಸಿ ಟೊಪ್ಪಿ ಹಾಕಿಬಿಟ್ಟ ಮಾರಾಯ."

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಭಾವ ಫೋನಿನಲ್ಲಿ ಹೇಳಿದ ಮಾತಿದು. ಅವರು ಅಕ್ಕನ ಗಂಡ, ವಯಸ್ಸು ಎಪ್ಪತ್ತು ದಾಟಿದೆ, ಶಿರಸಿ ಸೀಮೆಯಲ್ಲಿ ಅಡಿಕೆ ತೋಟ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವ. ಕಂಪ್ಯೂಟರ್ ಬಂದ ದಿನದಿಂದ ಅದರ ಕಷ್ಟಸುಖವೂ ನನ್ನ ತಲೆಗೇ ಬಂದದ್ದರಿಂದ, ಮನೆಮಂದಿಗೆಲ್ಲ ಇಂಥ ಸಂಗತಿಗೆ ನಾನೇ ಗತಿ. ಭಾವನ ಸಿಟ್ಟು ಕೇಳಿ, "ಇರಬಹುದು ಭಾವ, ಈಗೀಗ ಅಂಥದ್ದೆಲ್ಲ ನಡೆಯುತ್ತದೆ" ಎಂದೆ. ಡಿಸ್ಕನ್ನು ಕಣ್ಣಾರೆ ನೋಡದೆ ಆಡಿದ ಮಾತು. ಇಡೀ ಪ್ರಕರಣದಲ್ಲಿ ನನ್ನ ಪಾಲಿನ ತಪ್ಪು ಅಲ್ಲಿಂದಲೇ ಶುರುವಾಯಿತು.

ಡಿಸ್ಕು ಮಾರಿದವರು ಹುಬ್ಬಳ್ಳಿಯ ಒಬ್ಬ ಸಣ್ಣ ವ್ಯಾಪಾರಿ. ಭಾವ ಕಣ್ಣಿನ ತಪಾಸಣೆಗೆಂದು ಹೋದಾಗ ಅವರ ಅಂಗಡಿಯಲ್ಲಿ ಕೊಂಡಿದ್ದರು. ನನ್ನ ಮಾತಿನಿಂದ ಧೈರ್ಯ ಬಂದು ಆ ವ್ಯಾಪಾರಿಗೆ ಫೋನ್ ಹಚ್ಚಿ ಕಳ್ಳ ಎಂದರು. ಆತ "ಸೀಲ್ ನಾ ಒಡದಿಲ್ರೀ ಅಜ್ಜಾರ, ತಂದ್ ತೋರಸ್ರಿ, ನೋಡೂಣು" ಎಂದನಂತೆ. ಆ ಸಮಾಧಾನದ ದನಿಯೇ ಭಾವನಿಗೆ ಪಳಗಿದ ವಂಚಕನ ಲಕ್ಷಣವಾಗಿ ಕೇಳಿಸಿತು. ಮುಂದಿನ ಎರಡು ದಿನ ಸೊಸೈಟಿಯ ಕಟ್ಟೆಯ ಮೇಲೆ, ಒಂದು ಉಪನಯನದ ಊಟದ ಪಂಕ್ತಿಯಲ್ಲಿ, ಆ ಅಂಗಡಿಯ ಹೆಸರು ಹಿಡಿದು ಹೇಳಿದರು: ಅಲ್ಲಿಗೆ ಹೋಗಬೇಡಿ.

ಡಿಸ್ಕಿನಲ್ಲಿ ಏನಿತ್ತು ಎಂಬುದನ್ನು ಹೇಳದಿದ್ದರೆ ಅವರ ಸಿಟ್ಟು ಅರ್ಥವಾಗುವುದಿಲ್ಲ. ಭಾವನಿಗೆ ತಾಳಮದ್ದಳೆಯ ಹುಚ್ಚು. ಇಪ್ಪತ್ತು ವರ್ಷಗಳಿಂದ ಸುತ್ತಮುತ್ತಲ ಊರುಗಳಲ್ಲಿ ಎಲ್ಲಿ ಕೂಟ ಆದರೂ ಒಂದು ರೆಕಾರ್ಡರ್ ಹಿಡಿದು ಮುಂದಿನ ಸಾಲಿನಲ್ಲಿ ಕೂರುವವರು. ತಾಳಮದ್ದಳೆಯಲ್ಲಿ ಪದ್ಯವಷ್ಟೇ ಮೊದಲೇ ಬರೆದದ್ದು. ಅರ್ಥ ಅಲ್ಲಲ್ಲೇ ಹುಟ್ಟುವುದು. ಅದೇ ಪ್ರಸಂಗ, ಅದೇ ಅರ್ಥಧಾರಿ, ಮರುದಿನ ಇನ್ನೊಂದು ಊರಿನಲ್ಲಿ ಕೂತರೆ ಮಾತು ಬೇರೆ. ಹಾಗಾಗಿ ಒಂದು ರಾತ್ರಿಯ ಧ್ವನಿಮುದ್ರಣ ಕಳೆದುಹೋದರೆ ಅದಕ್ಕೆ ಬದಲಿ ಎಂಬುದಿಲ್ಲ. ಅಂಥ 140 ಕೂಟಗಳು ಅವರ ಹಳೆಯ 500 ಜಿ.ಬಿ. ಡಿಸ್ಕಿನಲ್ಲಿದ್ದವು. ಸಿ.ಡಿ. ಗುಣಮಟ್ಟದ, ಕುಗ್ಗಿಸದ ಮುದ್ರಣ ಒಂದು ಗಂಟೆಗೆ ಸುಮಾರು 635 ಎಂ.ಬಿ. ಹಿಡಿಯುತ್ತದೆ. ಐದು ತಾಸಿನ ಕೂಟವೆಂದರೆ ಮೂರು ಜಿ.ಬಿ.ಗೂ ಮಿಕ್ಕಿ. ಡಿಸ್ಕು ತುಂಬಿತ್ತು, ಆಗಾಗ ಕಟಕಟ ಸದ್ದೂ ಮಾಡುತ್ತಿತ್ತು. ಅದಕ್ಕೇ ಹೊಸದನ್ನು ತಂದು ಪೇಟೆಯ ಅಂಗಡಿಯ ಹುಡುಗನಿಗೆ ಕೊಟ್ಟು "ಇದ್ದದ್ದು ಇದ್ದಹಾಗೇ ಇದಕ್ಕೆ ಇಳಿಸು" ಎಂದಿದ್ದರು. ಆತ ಅವರ ಮಾತನ್ನು ಅಕ್ಷರಶಃ ನಡೆಸಿಕೊಟ್ಟ. ಡಿಸ್ಕನ್ನು ಕ್ಲೋನ್ ಮಾಡಿದ.

ನಾನು ಅಂಗಡಿಗೆ ಹೋಗುವ ಹೊತ್ತಿಗೆ ಆರೋಪದ ರೂಪ ಬದಲಾಗಿತ್ತು. ಹುಡುಗ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದು, ಬಲಗಡೆ ಖಾಲಿ ಬಿದ್ದ ಜಾಗ ಕಂಡು, ಪಾರ್ಟಿಷನ್ನನ್ನು ಅಲ್ಲಿಗೆ ವಿಸ್ತರಿಸಿದ್ದ. ಈಗ 465 ಹೋಗಿ 2048 ಜಿ.ಬಿ. ತೋರಿಸುತ್ತಿತ್ತು. ಅದರಾಚೆ 1678 ಜಿ.ಬಿ. ಕಪ್ಪು ಪಟ್ಟಿಯಾಗಿ ಉಳಿದಿತ್ತು. ಅದರ ಮೇಲೆ ಒತ್ತಿದರೆ ಯಾವ ಆಯ್ಕೆಯೂ ತೆರೆಯುತ್ತಿರಲಿಲ್ಲ.

"ವ್ಯಾಪಾರಿ ಮೋಸ ಮಾಡಿಲ್ಲ ಮಾಸ್ತರ್ರೆ. ಡಿಸ್ಕಿನ ಅರ್ಧ ಭಾಗ ಸತ್ತಿದೆ. ವಾರಂಟಿಗೆ ಕಳಿಸಬೇಕು" ಎಂದ. ಅಂದರೆ ನಿನ್ನೆ ಮಾರಿದವ ಕಳ್ಳ, ಇವತ್ತು ತಯಾರಿಸಿದವ ಅಪರಾಧಿ. ನಾನು ಒಂದು ಕುರ್ಚಿ ಎಳೆದುಕೊಂಡು ಕೂತೆ.

ಡಿಸ್ಕಿನ ಗಾತ್ರದ ಬಗ್ಗೆ ಕಂಪ್ಯೂಟರಿನಲ್ಲಿ ಮಾತಾಡುವವರು ಹಲವರು. ಡಿಸ್ಕಿನ ಮೈಮೇಲಿನ ಚೀಟಿ ಒಂದು ಹೇಳುತ್ತದೆ. ಒಳಗಿನ ನಿಯಂತ್ರಕ ಚಿಪ್ಪು ತನ್ನಲ್ಲಿ ಎಷ್ಟು ಸೆಕ್ಟರುಗಳಿವೆ ಎಂದು ಬೇರೆಯಾಗಿ ಹೇಳುತ್ತದೆ. ಡಿಸ್ಕಿನ ಮೊಟ್ಟಮೊದಲ ಸೆಕ್ಟರಿನಲ್ಲಿ ಬರೆದಿಟ್ಟ ಪಾರ್ಟಿಷನ್ ಪಟ್ಟಿ, ಆ ಪಾರ್ಟಿಷನ್ನಿನ ಒಳಗಿನ ಫೈಲ್ ಸಿಸ್ಟಂ, ಕೊನೆಗೆ ನಮ್ಮ ಕಣ್ಣಿಗೆ ಕಾಣುವ ಕಿಟಕಿ, ಇವುಗಳದ್ದೂ ಒಂದೊಂದು ಲೆಕ್ಕ. ನಮಗೆ ಕೇಳಿಸುವುದು ಕಿಟಕಿಯ ಮಾತು ಮಾತ್ರ. ಹುಡುಗನ ಲಿನಕ್ಸ್ ಪೆನ್‌ಡ್ರೈವ್ ಹಾಕಿಸಿ ನೇರ ಚಿಪ್ಪನ್ನೇ ಕೇಳಿದೆವು. 781 ಕೋಟಿ 40 ಲಕ್ಷದಷ್ಟು ಸೆಕ್ಟರ್, ಒಂದೊಂದು 512 ಬೈಟ್. ನಾಲ್ಕು ಲಕ್ಷ ಕೋಟಿ ಬೈಟಿಗೆ ಒಂದಿಷ್ಟೂ ಕಡಿಮೆಯಿಲ್ಲ. ಡಿಸ್ಕು ಪೂರ್ತಿ ನಾಲ್ಕು ಟಿ.ಬಿ.ಯದ್ದೇ.

ಹಾಗಾದರೆ 465 ಎಂದವರು ಯಾರು? ಹಳೆಯ ಡಿಸ್ಕು.

ಜಮೀನಿನ ಪಹಣಿಯನ್ನು ನೆನೆದರೆ ಇದು ಸುಲಭ. ನೆಲ ಎಷ್ಟಾದರೂ ಇರಲಿ, ಕಚೇರಿಗೆ ಕಾಣುವುದು ಪಹಣಿಯಲ್ಲಿ ಬರೆದ ಕ್ಷೇತ್ರ. ಡಿಸ್ಕಿನ ಪಹಣಿ ಅದರ ಮೊದಲ ಸೆಕ್ಟರಿನಲ್ಲಿರುತ್ತದೆ: ಎಲ್ಲಿಂದ ಶುರು, ಎಷ್ಟು ಉದ್ದ. ಕ್ಲೋನ್ ಎಂದರೆ ಮೊದಲ ಸೆಕ್ಟರಿನಿಂದ ಕೊನೆಯವರೆಗೆ ಒಂದನ್ನೂ ಬಿಡದೆ ನಕಲು. ಹಾಡಿನ ಜೊತೆ ಪಹಣಿಯೂ ನಕಲಾಯಿತು. ಹೊಸ ಡಿಸ್ಕಿನ ಎದೆಯ ಮೇಲೆ ಹಳೆಯದರ ಚಕ್ಕುಬಂದಿ ಬಂದು ಕೂತಿತು. ಅಷ್ಟೇ ಅಲ್ಲ, ಹಳೆಯದರ ಗುರುತಿನ ಸಂಖ್ಯೆಯೂ ಬಂತು. ಎರಡನ್ನೂ ಒಟ್ಟಿಗೆ ಜೋಡಿಸಿದಾಗ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡಿ ಬದಿಗಿಟ್ಟಿತ್ತು. ಒಂದೇ ಗುರುತಿನ ಇಬ್ಬರನ್ನು ಅದು ಒಟ್ಟಿಗೆ ಒಪ್ಪುವುದಿಲ್ಲ. ಹುಡುಗ ಅದನ್ನೂ ಹೊಸ ಡಿಸ್ಕಿನ ದೋಷವೆಂದೇ ಎಣಿಸಿದ್ದ.

465 ಕೂಡ ಹಳೆಯ ಸಂಖ್ಯೆಯೇ. ಭಾವನ ಹಳೆಯ 500 ಜಿ.ಬಿ. ಡಿಸ್ಕು ಹುಟ್ಟಿದಂದಿನಿಂದ ತೋರಿಸುತ್ತಿದ್ದದ್ದು 465ನ್ನೇ. ತಯಾರಕರು ಸಾವಿರ ಸಾವಿರವಾಗಿ ಎಣಿಸುತ್ತಾರೆ, ವಿಂಡೋಸ್ 1024ರಿಂದ ಭಾಗಿಸಿಯೂ ಜಿ.ಬಿ. ಎಂದೇ ಬರೆಯುತ್ತದೆ. ಊರಿಗೊಂದು ಸೇರಿದ್ದ ಕಾಲದ ಹಾಗೆ, ಅಳತೆ ಎರಡು, ಹೆಸರು ಒಂದು. 1998ರಲ್ಲೇ ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ ಈ ಎರಡನೆಯ ಅಳತೆಗೆ ಗಿಬಿಬೈಟ್ ಎಂಬ ಬೇರೆ ಹೆಸರು ಕೊಟ್ಟಿತು. ಆಪಲ್ 2009ರಿಂದ ತನ್ನ ಕಂಪ್ಯೂಟರುಗಳಲ್ಲಿ ಸಾವಿರದ ಲೆಕ್ಕವನ್ನೇ ತೋರಿಸುತ್ತಿದೆ. ಆದರೆ ಹೆಚ್ಚಿನ ಜನ ನೋಡುವ ಕಿಟಕಿಯಲ್ಲಿ ಗೊಂದಲ ಹಾಗೇ ಉಳಿದಿದೆ. ಕೊಂಡವರ ಮನಸ್ಸಿನಲ್ಲಿ ಪ್ರತಿ ಡಿಸ್ಕಿನ ಜೊತೆಗೂ ಒಂದು ಸಣ್ಣ ಅನುಮಾನ ಹುಟ್ಟುತ್ತದೆ, ಅವರ ತಪ್ಪಿಲ್ಲದೆ. ಭಾವನ ಸಂಶಯಕ್ಕೂ ಇಷ್ಟು ಹಿನ್ನೆಲೆ ಇತ್ತು ಎಂದು ನಾನು ಒಪ್ಪುತ್ತೇನೆ. ಆದರೂ, ಹಳೆಯದು 465, ಹೊಸದೂ ಸರಿಯಾಗಿ 465 ಎಂದಮೇಲೆ ಆ ಸಂಖ್ಯೆ ಎಲ್ಲಿಂದ ಬಂತೆಂದು ನಮ್ಮ ಮೂವರಲ್ಲಿ ಒಬ್ಬರಾದರೂ ಕೇಳಬೇಕಿತ್ತು. ಕೇಳಲಿಲ್ಲ. ಕಳ್ಳ ಎಂಬ ಮಾತು ಬಾಯಿಗೆ ಬಂದುಬಿಟ್ಟರೆ ಆಮೇಲೆ ಕಣ್ಣು ಅದಕ್ಕೆ ಸಾಕ್ಷಿ ಹುಡುಕುವುದರಲ್ಲೇ ತೊಡಗುತ್ತದೆ.

2048ರ ಕಥೆ ಇನ್ನೂ ಹಳೆಯದು. ಆ ಪಹಣಿಯ ನಮೂನೆಗೆ ಎಂ.ಬಿ.ಆರ್. ಎಂದು ಹೆಸರು, ಅದು 1983ರದ್ದು. ಆ ವರ್ಷ ಐ.ಬಿ.ಎಂ.ನ ಹೊಸ ಪಿ.ಸಿ.ಯಲ್ಲಿ ಬಂದ ಹಾರ್ಡ್ ಡಿಸ್ಕಿನ ಗಾತ್ರ 10 ಎಂ.ಬಿ. ಉದ್ದ ಬರೆಯುವ ಕಾಲಮ್ಮಿಗೆ 32 ಬಿಟ್ ಜಾಗ ಕೊಟ್ಟರು. ಅದರಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ ಸುಮಾರು 429 ಕೋಟಿ. ಅಷ್ಟು ಸೆಕ್ಟರೆಂದರೆ 2048 ಜಿ.ಬಿ. ಅಂದಿನ ಡಿಸ್ಕಿಗಿಂತ ಎರಡು ಲಕ್ಷ ಪಟ್ಟು ಮಿಕ್ಕಿದ ಜಾಗವನ್ನು ಬಿಟ್ಟವರನ್ನು ದೂರದೃಷ್ಟಿಯಿಲ್ಲದವರು ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ನಾಲ್ಕು ಟಿ.ಬಿ. ಡಿಸ್ಕಿನ ಅರ್ಧ ಅದರಾಚೆ ಉಳಿಯುತ್ತದೆ. ಸತ್ತದ್ದಲ್ಲ ಅದು, ಬರೆಯಲು ಕಾಲಮ್ಮಿನಲ್ಲಿ ಜಾಗವಿಲ್ಲದ್ದು. 64 ಬಿಟ್ಟಿನ ಜಿ.ಪಿ.ಟಿ. ಎಂಬ ಹೊಸ ನಮೂನೆಗೆ ಪಹಣಿಯನ್ನು ಬದಲಿಸಿದರೆ ಸರಿಹೋಗುತ್ತದೆ. ಒಳಗಿನ ಫೈಲುಗಳನ್ನು ಅಳಿಸದೆಯೂ ಅದನ್ನು ಮಾಡಬಹುದು. ಜಿಡಿಸ್ಕ್ ಎಂಬ ಉಪಕರಣದಿಂದ ಹುಡುಗ ಅರ್ಧ ಗಂಟೆಯಲ್ಲಿ ಮಾಡಿದ, ಆಮೇಲೆ ಪಾರ್ಟಿಷನ್ನನ್ನು ಮತ್ತೆ ವಿಸ್ತರಿಸಿದ. ಕಿಟಕಿಯಲ್ಲಿ 3726 ಎಂದು ಕಂಡಾಗ ಭಾವ ಹಣೆ ಒರೆಸಿಕೊಂಡರು. ಬೈದದ್ದು ನೆನಪಾಗಿತ್ತು ಎಂದು ಮುಖವೇ ಹೇಳುತ್ತಿತ್ತು.

ಸುಳ್ಳು ಡಿಸ್ಕುಗಳು ಇಲ್ಲವೆಂದಲ್ಲ. ಪೇಟೆಯಲ್ಲಿ ಅಂಥ ಪೆನ್‌ಡ್ರೈವು, ಅಂಥ ಹೊರಡಿಸ್ಕು ಬೇಕಾದಷ್ಟು ಇವೆ. ಒಳಗೆ ಸಣ್ಣ ಮೆಮೊರಿ ಕಾರ್ಡಿಟ್ಟು ಚಿಪ್ಪಿಗೇ ಸುಳ್ಳು ಹೇಳಿಕೊಟ್ಟಿರುತ್ತಾರೆ. ಆದರೆ ಮೋಸ ಮಾಡುವವ ಇರುವುದಕ್ಕಿಂತ ಹೆಚ್ಚು ತೋರಿಸುತ್ತಾನೆ. ಕಡಿಮೆ ತೋರಿಸಿ ಅವನಿಗೆ ಆಗಬೇಕಾದದ್ದೇನು? ಅಂಥ ಡಿಸ್ಕು ತುಂಬುವವರೆಗೆ ಎಲ್ಲ ಸರಿಯಾಗಿದ್ದಂತೆ ಕಾಣುತ್ತದೆ. ನಿಜವಾದ ಜಾಗ ಮುಗಿದಮೇಲೆ ಬರೆದದ್ದು ಹಳೆಯದರ ಮೇಲೇ ಬೀಳುತ್ತದೆ, ಇಲ್ಲವೇ ಎಲ್ಲಿಯೂ ಬೀಳುವುದಿಲ್ಲ. ಅದನ್ನು ಹಿಡಿಯಲು ಖಾತ್ರಿಯ ದಾರಿ: ಬಾಯಿ ಮಟ್ಟ ತುಂಬಿಸಿ, ತುಂಬಿಸಿದ್ದನ್ನೆಲ್ಲ ಮತ್ತೆ ಓದಿ ನೋಡುವುದು. ಎಚ್2ಟೆಸ್ಟ್‌ಡಬ್ಲ್ಯೂ, ಎಫ್3 ಎಂಬ ಉಪಕರಣಗಳು ಮಾಡುವುದು ಅದನ್ನೇ. ಭಾವನಿಗೆ ಹೇಳಿದೆ: "ಶರಸೇತು ಬಂಧನದಲ್ಲಿ ಅರ್ಜುನ ಬಾಣದ ಸೇತುವೆ ಕಟ್ಟಿ ನಿಲ್ಲುತ್ತದೆ ಎಂದಾಗ, ಹನುಮಂತ ಅವನ ಮಾತನ್ನು ನಂಬಲೂ ಇಲ್ಲ, ಸುಳ್ಳ ಎನ್ನಲೂ ಇಲ್ಲ. ಮೇಲೆ ಕಾಲಿಟ್ಟು ನೋಡಿದ." ಭಾವ ತಲೆದೂಗಿದರು. ಆ ಪ್ರಸಂಗದ ನಾಲ್ಕು ಕೂಟಗಳು ಆ ಡಿಸ್ಕಿನಲ್ಲೇ ಇದ್ದವು.

ಇಲ್ಲಿಗೆ ಮುಗಿಯಿತು ಎಂದು ಎಲ್ಲರೂ ಎದ್ದೆವು. ಭಾವನ ಮಗ ಹಳೆಯ ಡಿಸ್ಕನ್ನು ಕೈಗೆತ್ತಿಕೊಂಡ. ತೋಟದ ಮನೆಯ ಸಿ.ಸಿ. ಟಿ.ವಿ.ಗೆ ಹಾಕುವ ಯೋಜನೆ ಅವನದು. ಹಾಕಿದರೆ ಆ ಪೆಟ್ಟಿಗೆ ಮೊದಲು ಮಾಡುವ ಕೆಲಸವೇ ಡಿಸ್ಕನ್ನು ಫಾರ್ಮ್ಯಾಟ್ ಮಾಡುವುದು. ನಾನು ಬೇಡವೆಂದೆ. ಅನುಮಾನದಿಂದ ಎಂದಲ್ಲ, ಲ್ಯಾಬಿನ ಅಭ್ಯಾಸ: ನಕಲನ್ನು ಮೂಲದೊಡನೆ ಹೋಲಿಸದೆ ಮೂಲವನ್ನು ಕೈಬಿಡಬಾರದು.

ಹೋಲಿಸಲು ಹ್ಯಾಶ್ ಎಂಬ ಲೆಕ್ಕವಿದೆ. ಎಷ್ಟು ದೊಡ್ಡ ಫೈಲನ್ನಾದರೂ ಅರೆದು 64 ಅಕ್ಷರದ ಒಂದು ಸಾಲು ಮಾಡಿಕೊಡುತ್ತದೆ. ಐದು ತಾಸಿನ ಮುದ್ರಣದಲ್ಲಿ ಒಂದು ಬಿಟ್ ಬದಲಾದರೂ ಇಡೀ ಸಾಲು ಬದಲಾಗುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ, ವಿದ್ಯುನ್ಮಾನ ದಾಖಲೆಯ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಈ ಸಾಲನ್ನೇ ನಮೂದಿಸಬೇಕು. ಹುಡುಗ ಎರಡೂ ಡಿಸ್ಕಿನ 140 ಫೈಲುಗಳಿಗೆ ಅದನ್ನು ಓಡಿಸಿದ. ರಾತ್ರಿ ಒಂಬತ್ತಕ್ಕೆ ಮುಗಿಯಿತು. 139 ಹೊಂದಿದವು. ಒಂದು ಫೈಲನ್ನು ಹಳೆಯ ಡಿಸ್ಕಿನಿಂದ ಪೂರ್ತಿ ಓದಲಾಗಲೇ ಇಲ್ಲ. ನಡುವೆ ಒಂದು ಕಡೆ ಕಟಕಟ ಎಂದು ಸದ್ದಾಗಿ, ದೋಷ ಎಂದು ನಿಂತಿತು. ಹೊಸ ಡಿಸ್ಕಿನಲ್ಲಿ ಅದೇ ಫೈಲು ನುಣ್ಣಗೆ, ತಡೆಯಿಲ್ಲದೆ ಓದಿಕೊಂಡಿತು.

ಮೂಲದಲ್ಲಿ ಓದಲಾಗದ್ದು ನಕಲಿನಲ್ಲಿ ಹೇಗೆ ಬಂತು?

ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ: "ಕ್ಲೋನ್ ಮಾಡುವಾಗ ಒಂದು ಸಾಲು ಬಂದಿತ್ತು ಮಾಸ್ತರ್ರೆ, ಓದಲಾಗಲಿಲ್ಲ ಅಂತ. ಮುಂದೆ ಹೋಯ್ತು. ನಾನೂ ಸುಮ್ಮನಾದೆ." ಅವನು ಬಳಸಿದ್ದು ಲಿನಕ್ಸಿನ ಹಳೆಯ ಡಿಡಿ ಆಜ್ಞೆ. ಒಂದೊಂದು ಎಂ.ಬಿ.ಯ ತುಂಡಾಗಿ ಓದು, ದೋಷ ಬಂದರೆ ನಿಲ್ಲಬೇಡ, ಓದಲಾಗದ ಕಡೆ ಸೊನ್ನೆ ತುಂಬಿ ಮುಂದೆ ಹೋಗು ಎಂದು ಹೇಳಿದ್ದ. ಎಲ್ಲೋ ಕಲಿತ ಸಾಲನ್ನು ಅರ್ಥ ಬಿಡಿಸಿಕೊಳ್ಳದೆ ಟೈಪ್ ಮಾಡಿದ್ದ. ಒಂದೆರಡು ಸೆಕ್ಟರ್ ಕೆಟ್ಟಿದ್ದಕ್ಕೆ ಒಂದು ಎಂ.ಬಿ.ಯ ತುಂಡೇ ಸೊನ್ನೆಯಾಗಿತ್ತು. ಫೈಲಿನ ಗಾತ್ರ ಮಾತ್ರ ಒಂದು ಬೈಟೂ ಆಚೀಚೆ ಇರಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಗಾತ್ರ ತಪ್ಪಾಗಿ ತೋರಿದ ಕಡೆ ಒಂದಕ್ಷರವೂ ನಷ್ಟವಾಗಿರಲಿಲ್ಲ. ಅದಕ್ಕಾಗಿ ನಾವು ಹುಬ್ಬಳ್ಳಿಯವರೆಗೆ ಕೇಳುವಂತೆ ಕೂಗಾಡಿದ್ದೆವು. ಗಾತ್ರ ಕರಾರುವಾಕ್ಕಾಗಿ ತೋರಿದ ಕಡೆ ನಷ್ಟವಾಗಿತ್ತು, ಅದು ಯಾರಿಗೂ ಕಾಣಲಿಲ್ಲ. ಹುಡುಗನ ಮೇಲೆ ಸಿಟ್ಟು ಬಂತು, ಆದರೆ ಬಹಳ ಹೊತ್ತು ನಿಲ್ಲಲಿಲ್ಲ. ಅವನು ಮೂರು ದಿನ ಜೋರಾಗಿ ಮಾತಾಡಿದ್ದು ಇನ್ನೊಬ್ಬರ ತಲೆಗೆ ಕಟ್ಟಬಹುದಾದ ದೋಷದ ಬಗ್ಗೆ. ಸುಮ್ಮನಿದ್ದದ್ದು ತನ್ನ ಕೈಯ ಕೆಳಗೆ ನಡೆದದ್ದರ ಬಗ್ಗೆ. ಫೋನಿನಲ್ಲಿ ಇರಬಹುದು ಭಾವ ಎಂದ ನಾನು ಮಾಡಿದ್ದಾದರೂ ಬೇರೇನು? ನಲವತ್ತು ಸಲ ಹಾರ್ಡ್ ಡಿಸ್ಕ್ ಬದಲಿಸಿದವ ನಾನು. 465 ಎಂದ ಕೂಡಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲು ಅರ್ಧ ನಿಮಿಷ ಸುಮ್ಮನಿರಬೇಕಿತ್ತು, ಅಷ್ಟೂ ಇರಲಿಲ್ಲ. ಆ ಅರ್ಧ ನಿಮಿಷ ಉಳಿಸಿದ್ದಕ್ಕೆ ಹುಬ್ಬಳ್ಳಿಯ ಒಬ್ಬ ಮನುಷ್ಯ ತನ್ನ ಗಿರಾಕಿಗಳ ಎದುರು ಬೈಗುಳ ಕೇಳಬೇಕಾಯಿತು. ಆದರೂ ಹುಡುಗ ಕೊನೆಗೆ ಬಾಯಿಬಿಟ್ಟ. ಡಿಸ್ಕಿನದೇ ದೋಷ ಎಂದು ಸಾಧಿಸಿದ್ದರೆ ಭಾವ ನಂಬುತ್ತಿದ್ದರು, ನಾನೂ ಬಹುಶಃ ಎದುರಾಡುತ್ತಿರಲಿಲ್ಲ. ಇದನ್ನು ಅವನ ಲೆಕ್ಕಕ್ಕೆ ಜಮಾ ಮಾಡಲೇಬೇಕು.

ಮರುದಿನ ಸಂಜೆ ಹಳೆಯ ಡಿಸ್ಕಿಗೆ ಡಿಡಿರೆಸ್ಕ್ಯೂ ಹಚ್ಚಿದೆವು. ಅದು ಡಿಡಿಯ ಹಾಗೆ ದಾಟಿಕೊಂಡು ಹೋಗುವುದಿಲ್ಲ. ಓದಲಾಗದ ಕಡೆಯ ಲೆಕ್ಕ ಬರೆದಿಟ್ಟುಕೊಂಡು, ಉಳಿದದ್ದನ್ನೆಲ್ಲ ಮುಗಿಸಿ, ಮತ್ತೆ ಅಲ್ಲಿಗೇ ಬಂದು ಸಣ್ಣ ಸಣ್ಣ ತುಂಡಾಗಿ ಪ್ರಯತ್ನಿಸುತ್ತದೆ. ಹುಡುಗ ಅಂಗಡಿಯ ಶಟರ್ ಅರ್ಧ ಎಳೆದು ರಾತ್ರಿಯಿಡೀ ಕೂತ. ದುಡ್ಡು ಬೇಡವೆಂದ. ಬೆಳಗಾಗುವ ಹೊತ್ತಿಗೆ ಒಂದು ಎಂ.ಬಿ.ಯ ತುಂಡಿನಲ್ಲಿ 4096 ಬೈಟು ಬಿಟ್ಟು ಉಳಿದದ್ದೆಲ್ಲ ಬಂದಿತ್ತು.

ಭಾವ ಅದೇ ದಿನ ಹುಬ್ಬಳ್ಳಿ ಬಸ್ಸು ಹತ್ತಿದರು. "ಫೋನಿನಲ್ಲಿ ಹೇಳಿದರಾಗದೇ, ನೂರು ಕಿಲೋಮೀಟರ್ ಹೋಗಬೇಕೇ?" ಎಂದು ಅಕ್ಕ ಕೇಳಿದ್ದಕ್ಕೆ, "ಬೈದದ್ದು ನಾಲ್ಕು ಜನರ ಎದುರು" ಎಂದರಂತೆ. ಅಲ್ಲಿ ಏನು ಮಾತಾಯಿತು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಒಂದು ಪೆನ್‌ಡ್ರೈವ್ ಕೊಂಡು ತಂದಿದ್ದರು. ಆಮೇಲೆ ಸೊಸೈಟಿಯ ಕಟ್ಟೆಗೂ ಹೋಗಿ ಹೇಳಿದ್ದಾರೆ. ಉಪನಯನದ ಪಂಕ್ತಿಯಲ್ಲಿ ಎಡಬಲಕ್ಕೆ ಕೂತವರು ಯಾರೆಂದು ನೆನಪಾಗದೆ ಇನ್ನೂ ಒದ್ದಾಡುತ್ತಾರೆ.

ಕೆಟ್ಟ ಫೈಲು ಯಾವುದೆಂದು ಅಂಗಡಿಯಲ್ಲೇ ಕೂತು ಕೇಳಿದೆವು. ಶರಸೇತು ಬಂಧನದ್ದೇ ಒಂದು ಕೂಟ. ಮೊದಲು ಕ್ಲೋನಿನ ಪ್ರತಿ ಹಾಕಿದೆವು. ಅರ್ಜುನ ಪ್ರಶ್ನೆ ಕೇಳಿ ನಿಲ್ಲಿಸುತ್ತಾನೆ. ಹನುಮಂತನ ಅರ್ಥಧಾರಿ ಮಾತು ಎತ್ತುವುದೇ ಇಲ್ಲ. ಆರು ಸೆಕೆಂಡು ಮೌನ. ಆಮೇಲೆ ಅರ್ಧ ವಾಕ್ಯದಿಂದ ದನಿ ಶುರು. ಹುಡುಗ "ಇದು ಅವರೇ ಬಿಟ್ಟ ಜಾಗ ಇರಬಹುದಲ್ಲ? ಯೋಚನೆ ಮಾಡುತ್ತಾ" ಎಂದ. ನನಗೂ ಹಾಗೇ ಅನ್ನಿಸಿತ್ತು. ಅನುಭವಿ ಅರ್ಥಧಾರಿಯ ಮೌನಕ್ಕೂ ಒಂದು ತೂಕವಿರುತ್ತದೆ.

ಭಾವ ಕಣ್ಣು ಮುಚ್ಚಿಕೊಂಡೇ ತಲೆ ಅಲ್ಲಾಡಿಸಿದರು. "ಅಲ್ಲ. ಶ್ರುತಿಯೂ ನಿಂತಿದೆ, ಕೇಳು."

ನಿಂತಿತ್ತು. ಶ್ರುತಿ ಇಲ್ಲ, ಸಭೆಯ ಕೆಮ್ಮಿಲ್ಲ, ಹೊರಗಿನ ಮಳೆಯ ಸದ್ದಿಲ್ಲ. ಬರೀ ಸೊನ್ನೆ.

ಹುಡುಗ ಎರಡನೆಯ ಪ್ರತಿ ಹಾಕಿದ. ಅರ್ಜುನನ ಪ್ರಶ್ನೆ ಮುಗಿಯಿತು. ಶ್ರುತಿ ಹಾಗೇ ಇತ್ತು, ಅದರ ಹಿಂದೆ ಮಳೆ. ಹನುಮಂತ ಮೊದಲು ಸಣ್ಣಗೆ ನಕ್ಕ. ಆ ನಗು ಕ್ಲೋನಿನಲ್ಲಿ ಇರಲಿಲ್ಲ. ನಕ್ಕು, ಮಗುವನ್ನು ಕರೆಯುವ ದನಿಯಲ್ಲಿ ಅರ್ಜುನನನ್ನು ಕರೆದ. ಉಳಿದ 4096 ಬೈಟಿನ ಗಾಯ ಸೆಕೆಂಡಿನ ನಲವತ್ತಮೂರನೇ ಒಂದು ಭಾಗ. ಎಲ್ಲಿ ದಾಟಿ ಹೋಯಿತೋ ನನ್ನ ಕಿವಿಗೆ ಸಿಗಲಿಲ್ಲ. ಭಾವ ಮಾತ್ರ ಒಂದು ಕಡೆ ಬೆರಳೆತ್ತಿ "ಇಲ್ಲಿ" ಎಂದರು, ಮತ್ತೆ ಕಣ್ಣು ಮುಚ್ಚಿ ಕೇಳತೊಡಗಿದರು.